ಬೂಟು ಬಿಚ್ಚಿ ತೋರಿಸಿದೆ

ಕ್ಲೀವ್‌ಲ್ಯಾಂಡ್
ಮಾರ್ಚ್ ೧೪, ೨೦೧೯

ಪ್ರೀತಿಯ ತಂಗಿ ಒಡೆಸ್ಸಾ,

ನೀನೂ ಮಕ್ಕಳೂ ಕ್ಷೇಮವೆಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಕೂತಲ್ಲಿ ಕೂರಲು ಆಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು ಬಾಗಿಲ ಚಿಲಕ ನೋಡಿ ಬಂದೆ.

ಮುಚ್ಚಿಡುವುದಿಲ್ಲ. ಜನವರಿಯಲ್ಲಿ ಸ್ಕಿಜೋಫ್ರೇನಿಯಾದ ಮಾತ್ರೆ ಬಿಟ್ಟಿದ್ದೆ. ಆ ಮಾತ್ರೆಯಿಂದಲೇ ಅರವತ್ತು ಪೌಂಡು ತೂಕ ಏರಿತ್ತು, ಸಕ್ಕರೆ ಕಾಯಿಲೆಯೂ ಬಂದಿತ್ತು. ಚರ್ಚಿನಲ್ಲಿ ಹಾಡಲು ನಿಂತರೆ ಮಂಡಿ ನಡುಗುತ್ತಿತ್ತು. ಡಾಕ್ಟರಿಗೆ ಹೇಳಿದರೆ, "ಧ್ವನಿ ಕೇಳೋದು ನಿಂತಿದೆಯಲ್ಲ, ಇನ್ನೇನು ಬೇಕು?" ಅಂದಿದ್ದರು.

ಬಿಟ್ಟ ಹತ್ತೇ ದಿನಕ್ಕೆ ಧ್ವನಿಗಳು ಮರಳಿದವು. ಅಷ್ಟರಲ್ಲೇ ಎಡಗಾಲಿನ ಹೆಬ್ಬೆರಳು ಊದಿ ಕೀವು ಕಟ್ಟಿತು. ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸುತ್ತಾರೆ ಎಂದು ಧ್ವನಿ ಹೇಳುತ್ತಿತ್ತು. ನಮ್ಮ ಸೈಲಸ್ ಮಾವನಿಗೆ ನಿಜವಾಗಿಯೂ ಕತ್ತರಿಸಿದ್ದರಲ್ಲ. ಹೀಗಾಗಿ ಯಾವುದು ಕಾಯಿಲೆಯ ಮಾತು, ಯಾವುದು ಕಣ್ಣಾರೆ ಕಂಡದ್ದರ ಭಯ ಎಂದು ಬಿಡಿಸಲು ಆಗಲಿಲ್ಲ. ಕೊನೆಗೆ ಕೆಳಮನೆಯ ಮಿಸೆಸ್ ಪೆಟಿಗ್ರೂ, "ಪ್ರಾರ್ಥನೆ ನಾ ಮಾಡ್ತೀನಿ ಕಣೇ, ನೀ ಬಸ್ ಹತ್ತು" ಎಂದರು. ಹತ್ತಿದೆ.

ಅಲ್ಲಿದ್ದ ಬಿಳಿಯ ಡಾಕ್ಟರು ಕಂಪ್ಯೂಟರಿನಲ್ಲಿ ನನ್ನ ಕಾಯಿಲೆಯ ಹೆಸರು ಓದಿದರು, ಮುಖ ನೋಡಲಿಲ್ಲ. "ನೋವಿದೆ ಅಂತ ನಿಮಗೆ ಯಾರು ಹೇಳಿದ್ರು?" ಎಂದರು. ನಾನು ಬೂಟು, ಕಾಲುಚೀಲ ಬಿಚ್ಚಿ ಪಾದವನ್ನು ಅವರ ಮೇಜಿನ ಮೇಲೆಯೇ ಇಟ್ಟೆ. "ಇದು ಹೇಳ್ತು" ಎಂದೆ. ಆಮೇಲೆ ಎಲ್ಲರೂ ಓಡಾಡಿದರು.

ಐದು ದಿನ ಅಲ್ಲಿದ್ದೆ. ಉಗುರು ಹೋಯಿತು, ಬೆರಳು ಉಳಿಯಿತು. ನರ್ಸ್ ಟಿಬ್ಸ್ ಎಂಬವರು, ನಮ್ಮಂತೆಯೇ ಕಪ್ಪು ಜನ, ಕುರ್ಚಿ ಎಳೆದುಕೊಂಡು ಕೂತು, "ಮಾತ್ರೆ ಯಾಕಮ್ಮಾ ಬಿಟ್ಟೆ?" ಎಂದು ಕೇಳಿದರು. ಕಾಯಿಲೆ ಶುರುವಾದ ಈ ಹದಿನೇಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲ ಹೇಳಿದೆ. ಮರುದಿನ ಮನಸ್ಸಿನ ಕಾಯಿಲೆಯ ಡಾಕ್ಟರನ್ನು ಕರೆತಂದು ಎದುರಿಗೇ ಕೂರಿಸಿದರು. ಮೂರು ಮಾತ್ರೆಗಳ ಒಳ್ಳೆಯದು ಕೆಟ್ಟದ್ದು ಕೇಳಿಕೊಂಡು ಒಂದನ್ನು ನಾನೇ ಆರಿಸಿದೆ. ಈ ಚಡಪಡಿಕೆ ಅದರದ್ದೇ. ಆದರೆ ಹಸಿವು ಹಿಡಿತದಲ್ಲಿದೆ, ಧ್ವನಿಯೂ ಪಕ್ಕದ ಮನೆಯ ರೇಡಿಯೊದಷ್ಟು ಸಣ್ಣಗಾಗಿದೆ. ಒಂದು ತಿಂಗಳು ನೋಡುತ್ತೇನೆ. ಆಗದಿದ್ದರೆ ಕದ್ದುಮುಚ್ಚಿ ಮಾತ್ರೆ ಬಿಡುವುದಿಲ್ಲ, ಹೋಗಿ ಹೇಳುತ್ತೇನೆ.

ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ. ಅವರ ಹಣೆಗೆ ನನ್ನದೊಂದು ಮುತ್ತು.

ನಿನ್ನ ಅಕ್ಕ,
ವರ್ಲೀನ್

ಇನ್ನೊಂದು ಮಾತು: ಅಮ್ಮ ತೀರಿಕೊಂಡದ್ದನ್ನು ನೀನು ಹನ್ನೊಂದು ದಿನ ಹೇಳಲಿಲ್ಲ. ಮಣ್ಣು ಮಾಡಿದ ಮೇಲೆ ನೀನು ಫೋನು ಮಾಡಿ, "ನಿನ್ನ ಕೈಲಿ ತಡ್ಕೊಳ್ಳೋಕಾಗಲ್ಲ ಅಂತ ನಾವೇ ತೀರ್ಮಾನ ಮಾಡಿದ್ವಿ ಅಕ್ಕ" ಎಂದೆ. ಆಗುತ್ತಿರಲಿಲ್ಲವೇನೋ. ಆದರೂ ಬರುತ್ತೀಯಾ ಎಂದು ನನ್ನನ್ನೊಂದು ಮಾತು ಕೇಳಬೇಕಿತ್ತು, ಒಡೆಸ್ಸಾ.