ಸೀಲು ಒಡೆಯಲು ಕಾರಣ

ಆಗಸ್ಟ್ 19, ಮಂಗಳವಾರ. ಸಂಜೆ 6.10

ಮಾರುಕಟ್ಟೆ ತಪಾಸಣೆ. ಮೂವತ್ತೊಂದು ತಕ್ಕಡಿ, ಎರಡರಲ್ಲಿ ದೋಷ. ಅದರಲ್ಲಿ ಒಂದು, ಕಿಲೋಗೆ ಹದಿನೆಂಟು ಗ್ರಾಂ ಕಡಿಮೆ ಕೊಡುತ್ತಿತ್ತು. ವಶಕ್ಕೆ ತೆಗೆದುಕೊಂಡೆ. ಈರುಳ್ಳಿ ಮಾರುವಾಕೆ ಬೈದಳು — "ಹದಿನೆಂಟು ಗ್ರಾಮಿಗೆ ನನ್ನ ಹೊಟ್ಟೆ ಮೇಲೆ ಹೊಡೀತೀಯಲ್ಲ ತಾಯಿ, ನಿಮ್ಮನೇಲಿ ಉಪ್ಪನ್ನೂ ತೂಗಿ ಹಾಕ್ತಾರಾ?" ವಶದ ಚೀಟಿ ಬರೆದು ಕೊಟ್ಟೆ. ತೂಕ-ಅಳತೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ, ದಿನಾ ಇದೇ ಬೈಗುಳ.

ಮನೆಗೆ ಬಂದೆ. ನಾನಿರುವುದು ಮಹಡಿಯಲ್ಲಿ; ಕೆಳಗೆ ಅಣ್ಣ, ಅತ್ತಿಗೆ ಇಬ್ಬರೂ ಮೇಜಿನ ಮುಂದೆ ಕೂತಿದ್ದರು. ಮೇಜಿನ ಮೇಲೆ ಅಣ್ಣನ ಮಾತಿನ ಡಬ್ಬಿ. ಅದರ ಪರದೆಯ ಮೇಲೆ ಸಂದೇಶ:

"ಪ್ರಿಯ ಬಳಕೆದಾರರೇ, ಸೆಪ್ಟೆಂಬರ್ 30ರಂದು 'ಸ್ವಂತ ದನಿ' ಸೇವೆಯು ತನ್ನ ಅಂತ್ಯವನ್ನು ತಲುಪಲಿದೆ. ನಿಮ್ಮ ಸಾಧನವು ಮೂರು ಸಿದ್ಧ ದನಿಗಳೊಂದಿಗೆ ಸಂತೋಷದಿಂದ ಮುಂದುವರಿಯುತ್ತದೆ."

ಸಂತೋಷದಿಂದ. ಎರಡು ಸಲ ಓದಿದೆ.

ಮುಂದೆ ಬೇಕಾಗಬಹುದು, ಇದ್ದದ್ದನ್ನು ಇದ್ದ ಹಾಗೆ ಬರೆದಿಡುತ್ತೇನೆ. ಅಣ್ಣನಿಗೆ ಐವತ್ತೆಂಟು. ನನ್ನ ಕೆಲಸ ನೋಡಿ ನನ್ನನ್ನು 'ಗ್ರಾಮು' ಎಂದೇ ಕರೆಯುತ್ತಾನೆ. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ. ಎರಡು ವರ್ಷದ ಹಿಂದೆ ಗಂಟಲಿನ ಕ್ಯಾನ್ಸರ್, ಧ್ವನಿಪೆಟ್ಟಿಗೆ ತೆಗೆದರು. ಆಪರೇಷನ್ನಿಗೆ ಮುಂಚೆ ಹತ್ತು ದಿನ ಈ ಡಬ್ಬಿಯ ಮುಂದೆ ಕೂತು ಆರುನೂರು ವಾಕ್ಯ ಓದಿದ. ಈಗ ಅವನು ಟೈಪ್ ಮಾಡಿದ್ದನ್ನು ಡಬ್ಬಿ ಅವನದೇ ದನಿಯಲ್ಲಿ ಹೇಳುತ್ತದೆ. ಸ್ವಲ್ಪ ನೆಗಡಿಯಾದ ಅಣ್ಣ, ಅಷ್ಟೇ. ಡಬ್ಬಿ ನಾವು ಕೊಂಡದ್ದು. ರಸೀದಿ ಇದೆ.

"ಏನೇ ಗ್ರಾಮು, ಮುಖ ಯಾಕೆ ಹೀಗಿದೆ. ಸಾಯ್ತಿರೋದು ಡಬ್ಬಿ, ನಾನಲ್ಲ" — ಡಬ್ಬಿ ಹೇಳಿತು. ಅಣ್ಣ ಹೇಳಿದ.

ಆಗಸ್ಟ್ 20. ಮಧ್ಯಾಹ್ನ 1.30, ಕಚೇರಿ

ಕಂಪನಿಯ ಸಹಾಯವಾಣಿ. ನಲವತ್ತು ನಿಮಿಷ ಸಂಗೀತ. ಆಮೇಲೆ ಒಬ್ಬ ಹುಡುಗಿ, ಒಳ್ಳೆಯ ಮಾತಿನವಳು.

"ಮೇಡಂ, ಕಂಪನೀನ ಬೇರೆಯವರು ಕೊಂಡಿದ್ದಾರೆ. ಈ ಸೇವೆ ಅವರಿಗೆ ಬೇಡವಂತೆ."

"ಬೇಡ ಅಂದ್ರೆ ಬಿಡಲಿ. ಅಣ್ಣ ಓದಿದ ಆರುನೂರು ವಾಕ್ಯದ ರೆಕಾರ್ಡಿಂಗ್ ಕೊಡಿ. ಬೇರೆ ಕಡೆ ದನಿ ಮಾಡಿಸ್ಕೋತೀವಿ."

"ಅದು ಕೊಡೋಕೆ ಬರಲ್ಲ ಮೇಡಂ. ಅದು ಕಂಪನಿಯ ಕಾಪಿರೈಟ್."

"ನಮ್ಮಣ್ಣನ ಗಂಟಲಾ?"

"ವಾಕ್ಯಗಳು ಮೇಡಂ. ಆ ವಾಕ್ಯಗಳು ಕಂಪನಿಯವು. ಒಪ್ಪಂದದ ಹದಿನಾಲ್ಕನೇ ಕಲಮು ನೋಡಿ."

ಆಗಸ್ಟ್ 23, ಶನಿವಾರ

ಒಪ್ಪಂದ ಓದಿ ಮುಗಿಸಿದೆ. ಅರವತ್ತೆರಡು ಪುಟ. ಯಾವುದೋ ಭಾಷೆಯಿಂದ ಯಂತ್ರ ಕಕ್ಕಿದ್ದು. "ಪರವಾನಗಿದಾರನು ಧ್ವನಿಯ ಯಾವುದೇ ಮಾಲೀಕತ್ವವನ್ನು ಅನುಭವಿಸತಕ್ಕದ್ದಲ್ಲ." ಅನುಭವಿಸತಕ್ಕದ್ದಲ್ಲ — ಮಾಲೀಕತ್ವ ಏನೋ ಹೊಟ್ಟೆನೋವಿನ ಹಾಗೆ.

ಎರಡು ವರ್ಷದ ಹಿಂದೆ 'ಒಪ್ಪಿದ್ದೇನೆ' ಒತ್ತಿದವಳು ನಾನು. ಓದದೆ ಒತ್ತಿದೆ. ಬಸ್ ಟಿಕೆಟಿನ ಹಿಂಬದಿಯನ್ನೂ ಓದುವವಳು. ಕಾದಂಬರಿ ತೆರೆದರೆ ಮೊದಲು ಅನುವಾದಕರ ಮುನ್ನುಡಿ ಓದುವವಳು. ಅಂದು ಅಣ್ಣ ನೋವಿನಲ್ಲಿ ಮುಲುಗುತ್ತಿದ್ದ, ಬೇಗ ಶುರು ಮಾಡಬೇಕಿತ್ತು. ಕಾರಣ ಸರಿಯಾಗೇ ಇದೆ. ಅಂಗಡಿಯವನೊಬ್ಬ ಇಂಥ ಕಾರಣ ಹೇಳಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಅನುವಾದದ ಪುಸ್ತಕದಲ್ಲಿ ಎಲ್ಲೋ ಒಂದು ಮೂಲೆಯಲ್ಲಿ, ಸಣ್ಣಕ್ಷರದಲ್ಲಾದರೂ ಒಂದು ಹೆಸರಿರುತ್ತದೆ. ಇನ್ನೊಬ್ಬರ ಮಾತನ್ನು ತನ್ನ ಬಾಯಲ್ಲಿ ಹೇಳಿದ್ದೇನೆ, ತಪ್ಪಿದ್ದರೆ ನನ್ನನ್ನು ಕೇಳಿ ಅಂತ. ಈ ಅರವತ್ತೆರಡು ಪುಟಕ್ಕೆ ಯಾರ ಹೆಸರೂ ಇಲ್ಲ. ಯಾರನ್ನು ಕೇಳುವುದು.

ರಾತ್ರಿಯೂಟಕ್ಕೆ ಕರೆದಾಗ ನೆನಪಾಯಿತು. ಹಳೇ ನೋಟ್‌ಬುಕ್. ಹುಡುಕಬೇಕು.

ಆಗಸ್ಟ್ 24. ಬೆಳಿಗ್ಗೆ 7

ಸಿಕ್ಕಿತು.

ಕಂಪನಿ ಕೊಟ್ಟ ವಾಕ್ಯಗಳು ಹೀಗಿದ್ದವು: "ದಯವಿಟ್ಟು ನೀಲಿ ಬಾತುಕೋಳಿಯನ್ನು ಮೇಜಿನಿಂದ ಕೆಳಗಾಗಿಸಿ." "ಅವಳು ತನ್ನ ಚಿಕ್ಕಪ್ಪನ ಬಗ್ಗೆ ಉತ್ಸುಕಳಾಗಿರುತ್ತಾಳೆ." ಅಣ್ಣ ನಗುತ್ತ ಓದುತ್ತಿದ್ದ, ನಕ್ಕರೆ ಗಂಟಲು ಉರಿಯುತ್ತಿತ್ತು. ಮುನ್ನೂರ ಅರವತ್ತಕ್ಕೆ ನನಗೆ ಸಾಕಾಯಿತು. ಒಬ್ಬ ಮನುಷ್ಯ ತನ್ನ ದನಿಯಲ್ಲಿ ಕೊನೆಯದಾಗಿ ಆಡುವ ಮಾತು ಬಾತುಕೋಳಿಯದ್ದಾ? ಡಬ್ಬಿಯಲ್ಲಿ 'ನಿಮ್ಮದೇ ವಾಕ್ಯ ಸೇರಿಸಿ' ಎಂಬ ಗುಂಡಿಯಿತ್ತು. ಉಳಿದ ಇನ್ನೂರ ನಲವತ್ತನ್ನು ನಾನೇ ಬರೆದೆ. ಅವನು ದಿನಾ ಏನೇನು ಹೇಳುತ್ತಾನೆ ಎಂದು ಅತ್ತಿಗೆಯನ್ನು ಕೇಳಿ ಕೇಳಿ.

361: ಕ್ಲಚ್ ಮೇಲೆ ಕಾಲು ಇಡು, ನಿದ್ದೆ ಮಾಡಬೇಡ.
388: ಎಡಗಡೆ ಕನ್ನಡಿ ನೋಡಿದ್ಯಾ, ಇಲ್ಲ ಮುಖ ನೋಡ್ಕೊಂಡ್ಯಾ?
412: ಏ ಕೇಳಿಸ್ತಾ, ನೀರು ಕಾದಿದೆ.
597: ಗ್ರಾಮು, ಓದಿದ್ದು ಸಾಕು, ಕಣ್ಣು ಹೋಗುತ್ತೆ.

ಎಲ್ಲ ಇಲ್ಲಿದೆ, ನನ್ನ ಕೈಬರಹದಲ್ಲಿ, ತಾರೀಖಿನ ಸಮೇತ. ವಾಕ್ಯ ಬರೆದವರದ್ದು ಎಂಬುದು ಅವರ ವಾದ ತಾನೇ. ಸರಿ. ಇವು ಇನ್ನೂರ ನಲವತ್ತು ನನ್ನವು. ಮೊನ್ನೆ ಒಂದು ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿದ್ದೆ; ಅವರು ಉಚಿತವಾಗಿ ದನಿ ಮಾಡಿಕೊಡುತ್ತಾರೆ, ಸ್ಪಷ್ಟವಾದ ಇನ್ನೂರು ವಾಕ್ಯ ಸಾಕು ಎಂದು ನಿನ್ನೆಯೇ ಉತ್ತರಿಸಿದ್ದಾರೆ.

ಕಂಪನಿಗೆ ಪತ್ರ ಬರೆದೆ. ಒಂದೂವರೆ ಪುಟ, ಜೊತೆಗೆ ಇನ್ನೂರ ನಲವತ್ತು ವಾಕ್ಯದ ನಕಲು. ವಿಶೇಷಣ ಒಂದೂ ಇಲ್ಲ.

ಆಗಸ್ಟ್ 26

ಅಣ್ಣ ಸಿದ್ಧ ದನಿಗಳನ್ನು ಪರೀಕ್ಷೆ ಮಾಡಿದ. ಒಂದನೆಯದು ಬ್ಯಾಂಕಿನವನ ಹಾಗೆ. ಎರಡನೆಯದು ಇನ್ನೂ ಮೀಸೆ ಬಾರದವನು. ಮೂರನೆಯದರಲ್ಲಿ, ಗಂಭೀರವಾಗಿ, "ಏ ಕೇಳಿಸ್ತಾ" ಅಂದ.

ಅತ್ತಿಗೆ ತಟ್ಟೆ ಒರೆಸುತ್ತಿದ್ದರು. ತಿರುಗಲಿಲ್ಲ.

"ಏ ಕೇಳಿಸ್ತಾ" — ಮತ್ತೆ.

"ಇಲ್ಲ. ಕೇಳಿಸಲಿಲ್ಲ," ಅಂದರು. "ಇಪ್ಪತ್ತಾರು ವರ್ಷ ನೀವು ಕರೆದಿದ್ದಕ್ಕೆ ಓಗೊಟ್ಟಿದ್ದೀನಿ. ಯಾವನೋ ದಾರೀಲಿ ಹೋಗೋನು ಕರೆದ್ರೆ ನಾನ್ಯಾಕೆ ತಿರುಗಲಿ?"

ಅಣ್ಣ ತನ್ನ ದನಿಗೆ ಬದಲಾಯಿಸಿದ. "ಕಾರು ಅದೇ ಕಣೆ, ಬಣ್ಣ ಬೇರೆ."

"ಡ್ರೈವರ್ ಬೇರೆ ಕಣ್ರೀ," ಅಂದು ಒಳಗೆ ಹೋದರು. ಆಮೇಲೆ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು, ಬಹಳ ಹೊತ್ತು.

ಸೆಪ್ಟೆಂಬರ್ 4, ಗುರುವಾರ. ಮಧ್ಯಾಹ್ನ

ಗ್ರಾಹಕರ ವೇದಿಕೆ. ಗುಮಾಸ್ತ ನನ್ನನ್ನು ಬಲ್ಲವನು, ಇಲಾಖೆಯ ಕೇಸುಗಳನ್ನು ನಾನೇ ಅಲ್ಲಿಗೆ ಒಯ್ಯುವುದು. ಕಾಗದ ತಿರುವಿ ಹಾಕಿದ.

"ಮೇಡಂ, ಡಬ್ಬಿ ಕೆಲಸ ಮಾಡ್ತಿದೆಯಲ್ಲ?"

"ಮಾಡ್ತಿದೆ."

"30ನೇ ತಾರೀಖಿನ ಮೇಲೂ ಮಾಡುತ್ತೆ. ಮಾತೂ ಆಡುತ್ತೆ. ಹಾಗಿದ್ರೆ ದೋಷ ಎಲ್ಲಿ?"

"ಬೇರೆಯವನ ದನಿಯಲ್ಲಿ ಆಡುತ್ತೆ."

"ದನಿಗೆ ನೀವು ಗ್ರಾಹಕರಲ್ಲ ಮೇಡಂ. ಪರವಾನಗಿದಾರರು. ಡಬ್ಬಿಗೆ ಮಾತ್ರ ಗ್ರಾಹಕರು." ಬೇಜಾರಿನಿಂದಲೇ ಹೇಳಿದ. ಆದರೂ ನೋಂದಾಯಿಸಿಕೊಂಡ. ವಿಚಾರಣೆ ನವೆಂಬರ್ 12ಕ್ಕೆ. ಮುಂಚೆ ಆಗುವುದಿಲ್ಲವೇ ಎಂದೆ. ಗೋಡೆಯ ಪಕ್ಕದ ಕಡತಗಳ ರಾಶಿಯ ಕಡೆ ಕೈ ತೋರಿಸಿದ. ನನ್ನ ಎದೆಯೆತ್ತರ ಇತ್ತು. ಅದರಲ್ಲಿ ಅರ್ಧ ನಾನೇ ತಂದು ಹಾಕಿದ್ದು.

ಹದಿನೆಂಟು ಗ್ರಾಮಿಗೆ ಕಾನೂನಿದೆ. ಇಡೀ ಮನುಷ್ಯನಿಗೆ ಇಲ್ಲ.

ಸೆಪ್ಟೆಂಬರ್ 9

ಡಬ್ಬಿಗೆ ಕಂಪನಿಯ ಡಿಜಿಟಲ್ ಬೀಗವಿದೆ; ಅದನ್ನು ಒಡೆಯುವುದು ಅಪರಾಧ. ರಿಪೇರಿಗೆಂದು ಕೆಲವು ಯಂತ್ರಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಿದೆ. ಪಟ್ಟಿ ನೋಡಿದೆ: ಟ್ರಾಕ್ಟರ್, ಫೋನು, ಕಾಫಿ ಯಂತ್ರ, ಆಟದ ಯಂತ್ರ. ಕಾಫಿ ಯಂತ್ರ ಉಂಟು, ಅಣ್ಣ ಇಲ್ಲ.

'ಸಾರ್ವಜನಿಕರ ಅಭಿಪ್ರಾಯ' ಎಂಬ ಪುಟವಿದೆ. ಬರೆದೆ. ಐನೂರು ಅಕ್ಷರದ ಮಿತಿ ಮೀರಿದೆ ಎಂದಿತು. ಕಡಿಮೆ ಮಾಡಿದೆ. ಮತ್ತೆ ಮೀರಿತು. ಅತ್ತಿಗೆಯ ಮಾತನ್ನು ತೆಗೆದೆ, ಆಪರೇಷನ್ ತೆಗೆದೆ, ಕೊನೆಗೆ ಅಣ್ಣ ಎಂಬುದನ್ನು ತೆಗೆದು 'ಬಳಕೆದಾರ' ಎಂದು ಹಾಕಿದೆ. ಆಗ ಹೋಯಿತು. ನನ್ನ ಕೈಯಿಂದಲೇ ಅದನ್ನು ಮಾಡಿಸಿದರು.

ಉತ್ತರ ನಿಮಿಷದಲ್ಲಿ ಬಂತು. ಮುಂದಿನ ಪರಿಶೀಲನೆಯಲ್ಲಿ ಗಮನಿಸಲಾಗುವುದು. ಮುಂದಿನ ಪರಿಶೀಲನೆ ಮೂರು ವರ್ಷದ ಮೇಲೆ.

ಸೆಪ್ಟೆಂಬರ್ 17. ಸಂಜೆ 7

ಕಂಪನಿಯ ಉತ್ತರ. ಎರಡು ಸಾಲು. ಬಳಕೆದಾರರ ವಾಕ್ಯಗಳನ್ನು ಬೇರ್ಪಡಿಸುವುದು ತಾಂತ್ರಿಕವಾಗಿ ಸಾಧ್ಯವಿಲ್ಲ. ನಿಮ್ಮ ತಾಳ್ಮೆಗೆ ಧನ್ಯವಾದ.

ಯಾವ ತಾಳ್ಮೆ.

ಅರ್ಧ ಗಂಟೆಗೆ ಫೋನ್ ಬಂತು, ಗೊತ್ತಿಲ್ಲದ ನಂಬರು. ಸಹಾಯವಾಣಿಯ ಅದೇ ಹುಡುಗಿ. ಹಿಂದೆ ರಸ್ತೆಯ ಸದ್ದು.

"ಮೇಡಂ, ಇದು ನಾನು ಹೇಳಿದ್ದಲ್ಲ. ಎಲ್ಲ ವಾಕ್ಯಾನೂ ನಿಮ್ಮ ಡಬ್ಬಿಯೊಳಗೇ ಇದೆ. ನಂಬರ್ ಪ್ರಕಾರ ಬೇರೆಬೇರೆ. ಬೀಗದ ಕೈನೂ ಒಳಗೇ ಇದೆ. 30ಕ್ಕೆ ಇಲ್ಲಿಂದ ಅದನ್ನ ಅಳಿಸ್ತಾರೆ. ಆಮೇಲೆ ಯಾರೂ ಏನೂ ಮಾಡೋಕಾಗಲ್ಲ."

"ನೀನ್ಯಾಕಮ್ಮ ಹೇಳ್ತಿದ್ದೀಯ?"

"ನಿಮ್ಮ ಪತ್ರ ನಾನೇ ಓದಿದ್ದು. 388 ಚೆನ್ನಾಗಿದೆ ಮೇಡಂ." ಇಟ್ಟುಬಿಟ್ಟಳು.

ಸಾಧ್ಯವಿಲ್ಲವಂತೆ. ಸುಳ್ಳು ತೂಕ.

ಸೆಪ್ಟೆಂಬರ್ 22, ಸೋಮವಾರ

ತಕ್ಕಡಿ ಮೇಸ್ತ್ರಿಯ ಅಂಗಡಿಗೆ ಹೋದೆ. ಊರಿನಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಬಿಚ್ಚುವ ಪರವಾನಗಿ ಇರುವವರಲ್ಲಿ ಕೈಚಳಕ ಇರುವವನು ಇವನೊಬ್ಬನೇ. ಹೋದ ವರ್ಷ ಆರು ತಿಂಗಳು ಇವನ ಪರವಾನಗಿ ಅಮಾನತು ಮಾಡಿಸಿದವಳು ನಾನು. ಮೀನಂಗಡಿಯ ತಕ್ಕಡಿಗೆ ಇಲಾಖೆ ಹಾಕಿದ್ದ ಸೀಲು ಒಡೆದು ರಿಪೇರಿ ಮಾಡಿದ್ದ, ಯಾಕೆ ಒಡೆದೆ ಎಂದು ರಿಜಿಸ್ಟರಿನಲ್ಲಿ ಬರೆದಿರಲಿಲ್ಲ. ತೂಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬರೆದಿರಲಿಲ್ಲ, ಅಷ್ಟೇ.

"ಬನ್ನಿ ಮೇಡಂ. ಇವತ್ತು ಯಾವ ಸೀಲು ನೋಡ್ಬೇಕು? ನನ್ನ ಬಾಯಿಗೂ ಒಂದು ಹಾಕಿಬಿಡಿ, ಹೆಂಡತಿ ಖುಷಿಪಡ್ತಾಳೆ."

ಡಬ್ಬಿಯ ಫೋಟೊ ತೋರಿಸಿದೆ. ಎಲ್ಲ ಹೇಳಿದೆ. ಕನ್ನಡಕ ಹಣೆಗೇರಿಸಿ ನೋಡಿದ.

"ನಿಮ್ಮಣ್ಣ ಅಂದ್ರೆ ಡ್ರೈವಿಂಗ್ ಸ್ಕೂಲಿನವರಾ? ನನಗೆ ರಿವರ್ಸ್ ಕಲಿಸಿದ್ದು ಅವರೇ. ಏನು ಬೈಗುಳ ಮಾರಾಯರೆ." ಆಮೇಲೆ: "ನಾಲ್ಕು ಸ್ಕ್ರೂ. ಒಂದು ಚಿಪ್. ನಮ್ಮ ತಕ್ಕಡೀಲೂ ಇಂಥದ್ದೇ ಬೀಗ. ಎರಡು ಗಂಟೆ ಕೆಲಸ."

"ಕಾನೂನು?"

"ಅದನ್ನ ನೀವೇ ನನಗೆ ಕಲಿಸಿದ್ದಲ್ವಾ."

ಫೋನನ್ನು ಚೀಲಕ್ಕೆ ಹಾಕಿದೆ. ಅವನೇ ಹೇಳಿದ, "ಬರೆಯೋದು ಬೇಡ ಬಿಡಿ ಮೇಡಂ. ತಂದುಬಿಡಿ, ಆಯ್ತು. ಯಾರಿಗೆ ಗೊತ್ತಾಗುತ್ತೆ?"

ನನಗೆ ಗೊತ್ತಾಗುತ್ತದೆ ಎಂದು ಬಾಯಿಗೆ ಬಂದಿತ್ತು. ಇಂಥ ಹೊತ್ತಿನಲ್ಲೂ ನಾನು ಹೀಗೇ.

ಸೆಪ್ಟೆಂಬರ್ 26

ಬೀಗ ಒಡೆಯುವ ವಿಚಾರ ಕಚೇರಿಯಲ್ಲಿ ಸಾಹೇಬರಿಗೆ ತಿಳಿಸಿದೆ. ಬಾಗಿಲು ಹಾಕಿ ಬಾ ಎಂದರು.

"ನೋಡಮ್ಮ, ನೀನು ಸೀಲು ಹಾಕೋ ಅಧಿಕಾರಿ. ನೀನೇ ಬೀಗ ಒಡೆದೆ ಅಂತ ಆ ಕಂಪನಿ ಒಂದು ಕಾಗದ ಬರೆದ್ರೂ ಅಮಾನತು. ನಾನು ಕೈ ಅಡ್ಡ ಹಿಡಿಯೋಕಾಗಲ್ಲ. ನಿವೃತ್ತಿಗೆ ಎಷ್ಟು ವರ್ಷ?"

"ಏಳು."

"ಯಾರ ಕೈಲಾದ್ರೂ ಮಾಡಿಸು. ನನಗೆ ಹೇಳ್ಬೇಡ. ಹೇಳಿದ್ದನ್ನ ನಾನು ಕೇಳಿಲ್ಲ."

ಎಲ್ಲರೂ ಒಳ್ಳೆಯವರೇ. ಎಲ್ಲರೂ ಪಿಸುಗುಟ್ಟುತ್ತಾರೆ. ಕದ್ದು ಮಾಡು, ಬರೆಯಬೇಡ, ನಾನು ಹೇಳಿಲ್ಲ, ನಾನು ಕೇಳಿಲ್ಲ. ತಮ್ಮದನ್ನು ತಾವು ತೆಗೆದುಕೊಳ್ಳುವುದಕ್ಕೆ ಕಳ್ಳರ ಹಾಗೆ ಹಿಂಬಾಗಿಲು ಹುಡುಕಬೇಕು. ಅಣ್ಣನ ದನಿ ಅಣ್ಣನ ಮನೆಗೆ ಕಳ್ಳಮಾಲಾಗಿ ಬರಬೇಕು. ಬರೆಯುವಾಗ ಪೆನ್ನು ಎರಡು ಕಡೆ ಹಾಳೆ ಹರಿಯಿತು.

ಸೆಪ್ಟೆಂಬರ್ 28, ಭಾನುವಾರ. ಸಂಜೆ 5.20

ನಿರ್ಧಾರ ಆಯಿತು. ಬರೆದಿಡುತ್ತೇನೆ, ಆಮೇಲೆ ಬದಲಾಯಿಸಬಾರದು.

ನಾಳೆ ಬೆಳಿಗ್ಗೆ ಹತ್ತಕ್ಕೆ, ಮೇಸ್ತ್ರಿಯ ಅಂಗಡಿಯಲ್ಲಿ, ಹಗಲು ಹೊತ್ತು, ಬಾಗಿಲು ತೆರೆದಿಟ್ಟು. ಅವನು ಪಕ್ಕದಲ್ಲಿ ನಿಂತು ದಾರಿ ಹೇಳುತ್ತಾನೆ. ಸ್ಕ್ರೂ ಬಿಚ್ಚುವುದೂ ಬೀಗ ಒಡೆಯುವುದೂ ನನ್ನ ಕೈ. ಅವನು ಸಹಿ ಹಾಕುವುದಿಲ್ಲ, ನಾನು ಹಾಕಿಸುವುದಿಲ್ಲ. ನನ್ನಿಂದ ಅವನಿಗೆ ಅಮಾನತು ಒಮ್ಮೆ ಸಾಕು. 361ರಿಂದ 600ರವರೆಗೆ ಮಾತ್ರ ತೆಗೆಯುತ್ತೇನೆ. ಬಾತುಕೋಳಿ ಅವರದ್ದು, ಅವರಿಗೇ ಇರಲಿ. ಒಂದು ವಾಕ್ಯ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಇಲಾಖೆಯ ನಮೂನೆಯ ಹಾಗೆಯೇ ಹಾಳೆಗೆ ಗೆರೆ ಹೊಡೆದಿದ್ದೇನೆ. ಮೂರು ಪ್ರತಿ. ಒಂದು ವೇದಿಕೆಗೆ, ಒಂದು ಸಾಹೇಬರಿಗೆ, ಒಂದು ಕಂಪನಿಗೆ. ತಾರೀಖು, ವೇಳೆ, ಯಂತ್ರದ ಸಂಖ್ಯೆ, ಸ್ಥಳ — ತುಂಬಿದೆ. 'ಸೀಲು ಒಡೆದವರು' ಎಂಬ ಕಡೆ ಪೂರ್ಣ ಹೆಸರು, ಹುದ್ದೆ. ಸಣ್ಣಕ್ಷರದಲ್ಲಿ ಅಲ್ಲ.

ಅತ್ತಿಗೆಗೆ ಹೇಳಿದೆ. "ನಿನ್ನ ಕೆಲಸ ಹೋದ್ರೆ?" ಅಂದರು. ಕೆಳಗೆ ಊಟ ಹಾಕ್ತೀರಲ್ಲ ಎಂದೆ. "ತೂಗಿ ಹಾಕ್ತೀನಿ," ಅಂದರು. ಆಮೇಲೆ ಕಣ್ಣು ಒರೆಸಿಕೊಂಡರು.

'ಸೀಲು ಒಡೆಯಲು ಕಾರಣ' — ಈ ಒಂದು ಕಾಲಂ ಬಾಕಿ. ನಾನು ಬರೆದರೆ ಕಾನೂನು ಬರೆಯುತ್ತೇನೆ. ಹಾಳೆಯನ್ನು ಕೆಳಗೆ ತಂದು ಅಣ್ಣನ ಮುಂದಿಟ್ಟೆ. "ನೀನೇ ಹೇಳು, ಇಲ್ಲಿ ಬರ್ಕೋತೀನಿ. ಒಂದೇ ಸಾಲಿಗೆ ಜಾಗ ಇರೋದು, ನೋಡ್ಕೊಂಡು ಹೇಳು."

ಡಬ್ಬಿಯನ್ನು ಹತ್ತಿರ ಎಳೆದುಕೊಂಡ. ಟೈಪ್ ಮಾಡುತ್ತಿದ್ದಾನೆ. ಒಂದು ಸಾಲು ಯಾವಾಗಲೋ ದಾಟಿತು. ನಿಲ್ಲಿಸುವ ಹಾಗೆ ಕಾಣುವುದಿಲ್ಲ. ಅತ್ತಿಗೆ ಒಲೆ ಆರಿಸಿ ಬಂದು ನಿಂತಿದ್ದಾರೆ. ಡಬ್ಬಿ ಮಾತಾಡುವ ಗುಂಡಿಯನ್ನು ಇನ್ನೂ ಒತ್ತಿಲ್ಲ...