ಬೆಳೆಯುವುದು ನಿಲ್ಲದ ಪಾದಗಳ ಬಗ್ಗೆ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ

ಮಾನ್ಯರೇ,

ಬರುವ ಶನಿವಾರ ಸಂಜೆ ನೀವು ಇಬ್ಬರು ಹುಡುಗರನ್ನು ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ಎದುರುಬದುರು ಆಡಿಸಿ, ಒಬ್ಬನನ್ನು ತಂಡದಲ್ಲಿ ಉಳಿಸಿಕೊಂಡು ಇನ್ನೊಬ್ಬನನ್ನು ಮನೆಗೆ ಕಳಿಸಲಿದ್ದೀರಿ. ಆ ಇಬ್ಬರಲ್ಲಿ ಒಬ್ಬನಿಗೆ ಕಾಯಿಲೆ ಇದೆ. ಇದನ್ನು ಹೇಳಲು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೊದಲ ಎರಡು ಸಲ ನಿಮ್ಮ ಗುಮಾಸ್ತರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಫ್ಯಾನಿನ ಗಾಳಿ ಕುಡಿಸಿ, ವಾಪಸು ಕಳಿಸಿದರು. ಮೂರನೆಯ ಸಲ ನೀವೇ ಕಾರಿಡಾರಿನಲ್ಲಿ ಸಿಕ್ಕಿರಿ. ನಾನು ಅರ್ಧ ಹೇಳುವಷ್ಟರಲ್ಲಿ ನನ್ನ ಭುಜ ತಟ್ಟಿ, "ನೀವು ಕಾಲು ನೋಡ್ಕೊಳ್ಳಿ, ತಲೆ ವಿಚಾರ ನಮಗೆ ಬಿಡಿ" ಎಂದಿರಿ. ಜೊತೆಯಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅದಕ್ಕೇ ಈಗ ಊರಿಗೆಲ್ಲ ಕಾಣುವಂತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ಓದುವವರಿಗೆ ತಿಳಿಯಲಿ. ಕ್ರೀಡಾಂಗಣದ ಪೂರ್ವದ ಮೆಟ್ಟಿಲ ಕೆಳಗೆ, ತಗ್ಗಿ ಒಳಗೆ ಬರಬೇಕಾದ ಒಂದು ಕೋಣೆಯಲ್ಲಿ, ಅಪ್ಪನ ನಂತರ, ಇಪ್ಪತ್ತಾರು ವರ್ಷಗಳಿಂದ ಜೋಡು ಹೊಲಿಯುತ್ತಿದ್ದೇನೆ. ಅಂಗಡಿಯಲ್ಲಿ ಸಿಗದ ಅಳತೆಯ ಕಾಲುಗಳೆಲ್ಲ ನನ್ನ ಬಳಿಗೇ ಬರುತ್ತವೆ. ಪ್ರತಿ ಹೊಸ ಜೋಡಿಗೂ ಆಟಗಾರನನ್ನು ಕಂದು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಎಳೆದು, ತಾರೀಕು ಬರೆದು ಇಟ್ಟುಕೊಳ್ಳುವುದು ನನ್ನ ಪದ್ಧತಿ. ಆ ಗೆರೆಗೆ ತಕ್ಕಂತೆ ಮರದ ಅಚ್ಚು ಮಾಡಿ, ಅಚ್ಚಿನ ಮೇಲೆ ತೊಗಲು ಎಳೆಯುತ್ತೇನೆ. ಒಂದು ಸಲ ಅಚ್ಚು ಮಾಡಿದರೆ ಆಟಗಾರ ಆಟ ಬಿಡುವವರೆಗೂ ಅದೇ ನಡೆಯುತ್ತದೆ. ಇಪ್ಪತ್ತು ದಾಟಿದವನ ಪಾದ ಬೆಳೆಯುವುದಿಲ್ಲವಲ್ಲ.

ಇನ್ನು ಆ ಇಬ್ಬರು. ಒಬ್ಬನಿಗೆ ಎಲ್ಲರೂ ಏಣಿ ಎನ್ನುತ್ತಾರೆ, ಇನ್ನೊಬ್ಬನಿಗೆ ಗೋಡೆ. ಇಬ್ಬರದೂ ಒಂದೇ ಕೆಲಸ, ರಿಂಗಿನ ಕೆಳಗೆ ನಿಂತು ಚೆಂಡು ಹಿಡಿಯುವುದು, ಎದುರಾಳಿಯನ್ನು ಒಳಗೆ ಬಿಡದಿರುವುದು. ಗೋಡೆ ಅಷ್ಟೇನೂ ಎತ್ತರವಿಲ್ಲ, ಆದರೆ ಅವನು ನಿಂತ ಜಾಗದಿಂದ ಅವನನ್ನು ಸರಿಸಲು ಇಬ್ಬರು ಬೇಕು. ಏಣಿ ಹೋದ ವರ್ಷವೇ ಏಳಡಿಗೆ ಎರಡು ಅಂಗುಲ ಕಡಿಮೆ ಇದ್ದ, ಈಗ ಪೂರ್ತಿ ಏಳಡಿ. ಅವನಿಗೆ ಇಪ್ಪತ್ತೆರಡು ವರ್ಷ. ನಿಮ್ಮ ತಂಡದ ವೈದ್ಯರು ಪ್ರತಿ ತಿಂಗಳು ಅವನನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ ಗೀಟು ಹಾಕುತ್ತಾರೆ. ಗೀಟು ಮೇಲೇರಿದಾಗಲೆಲ್ಲ ಕಚೇರಿಯವರು ಚಪ್ಪಾಳೆ ತಟ್ಟುತ್ತಾರೆ, ಫೋಟೋ ತೆಗೆಯುತ್ತಾರೆ. ನಿಮ್ಮ ಸೂಚನಾ ಫಲಕದಲ್ಲಿ ಅಂಟಿಸಿದ ಆಯ್ಕೆಯ ಕಾಗದದಲ್ಲಿ ಅವನ ಪರವಾಗಿ ಬರೆದ ಮೊದಲ ಅಂಶವೇ "ಎತ್ತರ ಇನ್ನೂ ಹೆಚ್ಚುತ್ತಿದೆ" ಎಂಬುದು. ಇಪ್ಪತ್ತೆರಡು ವರ್ಷದವನ ಎತ್ತರ ಯಾಕೆ ಹೆಚ್ಚುತ್ತಿದೆ ಎಂದು ಆ ಚಪ್ಪಾಳೆಯ ನಡುವೆ ಒಬ್ಬರಿಗಾದರೂ ಅನುಮಾನ ಬರಲಿಲ್ಲವೇ?

ನನಗೂ ಬರಲಿಲ್ಲ, ಒಪ್ಪಿಕೊಳ್ಳುತ್ತೇನೆ. ನನ್ನ ತಪ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದೂಕಾಲು ವರ್ಷದ ಹಿಂದೆ ಏಣಿಯ ಎರಡನೆಯ ಜೋಡಿಗೆ ಗೆರೆ ಎಳೆದಾಗ, ಅದು ಹಳೆಯ ಗೆರೆಗಿಂತ ಅಕ್ಕಿಕಾಳಿನಷ್ಟು ಹೊರಗಿತ್ತು. ಪೆನ್ಸಿಲ್ ವಾಲಿಸಿ ಹಿಡಿದಿರಬೇಕು, ನನ್ನ ಕಣ್ಣೂ ಹಳೆಯದಾಯಿತು ಎಂದುಕೊಂಡೆ. ಹಳೆಯ ಅಚ್ಚಿಗೆ ಸರಿಹೋಗುವಂತೆ ಹೊಸ ಕಾಗದದ ಅಂಚನ್ನು ಕತ್ತರಿಯಿಂದ ಕತ್ತರಿಸಿಬಿಟ್ಟೆ. ಹುಡುಗ ಆ ಜೋಡು ಹಾಕಿಕೊಂಡು ನಾಲ್ಕು ತಿಂಗಳು ಆಡಿದ. ಹೆಬ್ಬೆರಳ ಉಗುರು ಎರಡೂ ಕಪ್ಪಾದವು. ದೂರಲಿಲ್ಲ, ನನಗೆ ಬೇಸರವಾಗಬಾರದೆಂದು. ಕೇಳಿದರೆ, ಹೊಸ ತೊಗಲು ಮಾಮಾ, ಹಿಗ್ಗುತ್ತೆ ಎಂದ. ಆಮೇಲೆ ನಾಲ್ಕು ಸಲ ಗೆರೆ ಎಳೆದೆ. ನಾಲ್ಕು ಸಲವೂ ಪಾದ ಕಾಗದದ ಮೇಲೆ ಸ್ವಲ್ಪ ಸ್ವಲ್ಪವೇ ಹರಡುತ್ತ ಹೋಯಿತು. ಈಗ ಆರೂ ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದರೆ ಮೊದಲ ಗೆರೆಗೂ ಕೊನೆಯ ಗೆರೆಗೂ ನಡುವೆ ನನ್ನ ಕಿರುಬೆರಳು ಕೂರುತ್ತದೆ. ಅವನ ಕೈಬೆರಳುಗಳೂ ದಪ್ಪವಾಗಿವೆ. ಅವನ ತಾಯಿ ಲಾಂಡ್ರಿಯೊಂದರಲ್ಲಿ ಬಟ್ಟೆ ವಿಂಗಡಿಸುವವರು. ಮಗನ ಪ್ಯಾಂಟಿನ ತುದಿಗೆ ಬೇರೆ ಬಟ್ಟೆಯ ಪಟ್ಟಿ ಸೇರಿಸಿ ಹೊಲಿಯುತ್ತಾರೆ, ಈಗ ಪಟ್ಟಿ ಎರಡಾಗಿವೆ. ಆ ತಾಯಿ ಅದನ್ನು ನನಗೆ ಹೆಮ್ಮೆಯಿಂದ ತೋರಿಸಿದರು. ನಾನು ಹೊಲಿಗೆ ಚೆನ್ನಾಗಿದೆ ಎಂದೆ.

ಜೋಡು ಹೊಲಿಯುವವನಿಗೆ ಕಾಯಿಲೆಯ ಮಾತು ಯಾಕೆ ಎಂದು ನೀವು ಕೇಳಬಹುದು. ನನಗೊಬ್ಬ ಅಣ್ಣನಿದ್ದ. ಹತ್ತೊಂಬತ್ತರಲ್ಲಿ ಮನೆಯ ಬಾಗಿಲಿಗೆ ಬಗ್ಗಲು ಶುರುಮಾಡಿದ, ಇಪ್ಪತ್ಮೂರರಲ್ಲಿ ಕಿಟಕಿಯ ಮೇಲಿನ ಸಜ್ಜಾಕ್ಕೆ ತಲೆ ಹೊಡೆಸಿಕೊಳ್ಳುತ್ತಿದ್ದ. ಸರಕಿನ ಗೋದಾಮಿನಲ್ಲಿ ಅವನಿಗೆ ಕೆಲಸ ಸಿಕ್ಕಿತು, ಮೇಲಿನ ಸಾಲಿಗೆ ಮೂಟೆ ಏರಿಸಲು ಬೇರೆಯವರಿಗೆ ಸ್ಟೂಲು ಬೇಕಿತ್ತು, ಅವನಿಗೆ ಬೇಡ. ಮಾಲೀಕರು ನೋಡಲು ಬಂದವರಿಗೆಲ್ಲ ಅವನನ್ನು ಕರೆದು ತೋರಿಸುತ್ತಿದ್ದರು. ಮನೆಯಲ್ಲಿ ನಾವೂ ಉಬ್ಬಿಹೋಗಿದ್ದೆವು. ತಲೆನೋವು ಎಂದರೆ ಬಿಸಿಲು ಎಂದೆವು. ಊಟಕ್ಕೆ ಕೂತಾಗ ಪಕ್ಕದಲ್ಲಿಟ್ಟ ಲೋಟವನ್ನು ದಿನಾ ಬೀಳಿಸುತ್ತಿದ್ದ, ಅಮ್ಮ ಅವನಿಗೆ ಮೈಮೇಲೆ ಜ್ಞಾನವಿಲ್ಲ ಎಂದು ಬೈಯುತ್ತಿದ್ದಳು. ಒಂದು ಮಧ್ಯಾಹ್ನ ಗೋದಾಮಿನ ಅಂಗಳದಲ್ಲಿ ಎಡಗಡೆಯಿಂದ ಲಾರಿ ಹಿಂದಕ್ಕೆ ಬರುತ್ತಿತ್ತು. ಕಂಡವರೆಲ್ಲ ಹೇಳಿದ್ದು ಒಂದೇ ಮಾತು, ಅವನು ನೇರವಾಗಿ ನೋಡಿಕೊಂಡು ನಡೆದು ಹೋದ. ಆಮೇಲೆ ಆಸ್ಪತ್ರೆಯ ವೈದ್ಯರು ಅಪ್ಪನನ್ನು ಕೂರಿಸಿ ವಿವರಿಸಿದರು. ಮೆದುಳಿನ ಬುಡದಲ್ಲಿ ದ್ರಾಕ್ಷಿ ಹಣ್ಣಿನಷ್ಟು ಗಂಟು ಇತ್ತು. ಮೈ ಬೆಳೆಸುತ್ತಿದ್ದುದು ಅದೇ, ಕಣ್ಣಿನ ನರವನ್ನು ಒತ್ತುತ್ತಿದ್ದುದೂ ಅದೇ. ಗಾಡಿಯ ಕುದುರೆಗೆ ಕಣ್ಣಿನ ಎರಡೂ ಪಕ್ಕ ಪಟ್ಟಿ ಕಟ್ಟುತ್ತಾರಲ್ಲ, ಹಾಗೆ ಅವನಿಗೆ ಎದುರಿನದು ಮಾತ್ರ ಕಾಣುತ್ತಿತ್ತಂತೆ. ಅವನಿಗೆ ಆಗ ಇಪ್ಪತ್ನಾಲ್ಕು.

ಈಗ ನಿಮ್ಮ ಕೋರ್ಟಿಗೆ ಬನ್ನಿ. ಏಣಿಗೆ ಪಕ್ಕದಿಂದ ಬಂದ ಚೆಂಡು ಈ ತಿಂಗಳಲ್ಲೇ ಎರಡು ಸಲ ಕಿವಿಗೆ ಬಡಿದಿದೆ. ಕೋಚ್ ಅವನಿಗೆ ನಿದ್ದೆಗಣ್ಣ ಎಂದು ಹೆಸರಿಟ್ಟಿದ್ದಾರೆ. ಎಡಗಡೆ ಗೆರೆಯಿಂದ ಒಂದು ಮಾರು ದೂರದಲ್ಲಿ ಗ್ಯಾಲರಿಯನ್ನು ಹೊತ್ತ ಕಬ್ಬಿಣದ ಕಂಬವಿದೆ, ನಿಮಗೆ ಗೊತ್ತಿರಬೇಕು, ಅದಕ್ಕೆ ಮೆತ್ತೆ ಸುತ್ತಿಸಿ ಎಂದು ನಾಲ್ಕು ಅರ್ಜಿಗಳು ನಿಮ್ಮ ಮೇಜಿನ ಮೇಲಿವೆ. ಏಣಿಯ ಎಡ ಭುಜ ಆ ಕಂಬಕ್ಕೆ ಈಗಾಗಲೇ ಎರಡು ಸಲ ತಾಗಿದೆ. ಇನ್ನೂ ದೊಡ್ಡ ಪೆಟ್ಟು ಯಾಕೆ ಬಿದ್ದಿಲ್ಲ ಎಂಬುದೇ ನನಗೆ ಒಗಟಾಗಿತ್ತು. ಹೋದ ವಾರ ಅಭ್ಯಾಸ ನೋಡುತ್ತ ಕೂತಾಗ ತಿಳಿಯಿತು. ಗೋಡೆ ಇಡೀ ಹೊತ್ತು ಕೂಗುತ್ತಲೇ ಇರುತ್ತಾನೆ. ಎಡಕ್ಕೆ, ಬಲಕ್ಕೆ, ಕಂಬ, ಚೆಂಡು. ಬೇರೆ ಯಾರಿಗೂ ಕೂಗುವುದಿಲ್ಲ, ಏಣಿಗೆ ಮಾತ್ರ.

ಮರುದಿನ ಗೋಡೆ ಕಿತ್ತುಹೋದ ಅಟ್ಟೆ ಅಂಟಿಸಿಕೊಳ್ಳಲು ಬಂದ. ಅಂಟು ಒಣಗುವವರೆಗೆ ಕೂರಬೇಕಲ್ಲ, ಆಗ ಏಣಿಗೆ ಮಾತ್ರ ಯಾಕೆ ಕೂಗುತ್ತೀಯ ಎಂದು ಕೇಳಿದೆ.

"ಅವನಿಗೆ ಪಕ್ಕದಿಂದ ಬರೋದು ಕಾಣಲ್ಲ ಮಾಮಾ," ಎಂದ. "ಆರು ತಿಂಗಳಾಯ್ತು."

ಮತ್ತೆ ಯಾರಿಗಾದರೂ ಹೇಳಬಾರದಿತ್ತೇ ಎಂದೆ.

"ನಾನು ಹೇಳಿದ್ರೆ ಜಾಗಕ್ಕೋಸ್ಕರ ಹೇಳ್ದ ಅಂತಾರೆ. ಅವನೂ ಹಾಗೇ ಅಂದ್ಕೋತಾನೆ."

ಅಧ್ಯಕ್ಷರೇ, ಈ ಮಾತನ್ನು ಎರಡು ಸಲ ಓದಿ. ಆ ಹುಡುಗನ ಕಣ್ಣು ಹೋಗುತ್ತಿರುವುದನ್ನು ಕಂಡ ಸಾಕ್ಷಿ ಒಬ್ಬನೇ. ಅವನ ಬಾಯನ್ನು ಹೊಲಿದವರು ನೀವು. ಒಂದೇ ಜಾಗ ಇಟ್ಟು, ಇಬ್ಬರನ್ನು ಅದರ ಎರಡು ಪಕ್ಕ ನಿಲ್ಲಿಸಿ, ಫಲಕದಲ್ಲಿ ಕಾಗದ ಅಂಟಿಸಿದ ದಿನದಿಂದ ಅವನು ನಿಜ ಹೇಳಿದರೂ ಚಾಡಿಯಾಗುತ್ತದೆ. ಸುಮ್ಮನಿದ್ದರೆ ಗೆಳೆಯನಿಗೆ ಅಪಾಯ. ಅದಕ್ಕೇ ಅವನು ಕೂಗುತ್ತಾನೆ, ಗಂಟಲು ಕಟ್ಟುವವರೆಗೆ. ಶನಿವಾರ ನೀವು ಅವನನ್ನು ಎದುರಾಳಿಯಾಗಿ ನಿಲ್ಲಿಸುತ್ತಿದ್ದೀರಿ. ಕೂಗಿದರೆ ಅವನ ಜಾಗ ಹೋಯಿತು. ಕೂಗದಿದ್ದರೆ ಕಂಬ ಅಲ್ಲೇ ಇದೆ. ಇಂಥ ಪರೀಕ್ಷೆಯನ್ನು ಯಾರಾದರೂ ಬೇಕೆಂದೇ ಯೋಚಿಸಿ ಮಾಡಲು ಸಾಧ್ಯವೇ? ಸಾಧ್ಯವಿಲ್ಲ ಎಂದೇ ನಂಬಿದ್ದೇನೆ. ಯೋಚಿಸದೆ ಮಾಡಿದ್ದೀರಿ, ಅದೇ ನನಗೆ ಹೆಚ್ಚು ಹೆದರಿಕೆ ತರುವುದು.

ಏಣಿಯನ್ನೂ ಕೇಳಿದೆ. ತಲೆನೋವು ಇದೆ, ಬೆಳಗ್ಗೆ ಎದ್ದಾಗ ಜಾಸ್ತಿ ಎಂದ. ಪಕ್ಕದ್ದು ಕಾಣದ ಮಾತು ತೆಗೆದಾಗ ಮುಖದ ಬಣ್ಣ ಬದಲಾಯಿತು. "ಶನಿವಾರ ಆಗ್ಲಿ ಮಾಮಾ, ಆಮೇಲೆ ತೋರಿಸ್ತೀನಿ. ಈಗ ಯಾರಿಗೂ ಹೇಳ್ಬೇಡಿ" ಎಂದು ಕೈ ಹಿಡಿದುಕೊಂಡ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಆ ಮಾತನ್ನು ಈ ಪತ್ರದಲ್ಲಿ ಮುರಿಯುತ್ತಿದ್ದೇನೆ. ಅವನು ಇನ್ನು ನನ್ನ ಮೆಟ್ಟಿಲ ಕೆಳಗೆ ಬರದಿರಬಹುದು, ಅದು ನನಗೆ ಬಹಳ ನೋವಿನ ಸಂಗತಿ.

ನಾನು ಸುಮ್ಮನೆ ಕೂರಲಿಲ್ಲ. ಆರೂ ಕಾಗದಗಳನ್ನು ಸುರುಳಿ ಸುತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಹೋದೆ. ಅಲ್ಲಿಯ ವೈದ್ಯೆ ನಗಲಿಲ್ಲ. ಕಾಗದಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಗೆ ಹಿಡಿದರು, ನಾನು ಮಾಡಿದ ಹಾಗೆಯೇ. ನೋಡದೆ ಏನೂ ಹೇಳಲಾರೆ, ಆದರೆ ತಡಮಾಡದೆ ಕರೆತನ್ನಿ, ತಲೆಯ ಸ್ಕ್ಯಾನ್ ಒಂದೇ ದಿನದ ಕೆಲಸ, ನೀವು ಹೆದರಿದ ಗಂಟೇ ಆಗಿದ್ದರೂ ಈಗ ಅದಕ್ಕೆ ಚಿಕಿತ್ಸೆ ಇದೆ, ಬೇಗ ಬಂದರೆ ಕಣ್ಣೂ ಉಳಿಯಬಹುದು ಎಂದರು. ಅಣ್ಣನ ಕಾಲದಲ್ಲಿ ಇಲ್ಲದ ಮಾತು ಅದು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಆದರೆ ತಂಡದ ಆಟಗಾರ ಹೊರಗಿನ ವೈದ್ಯರ ಬಳಿ ಹೋಗಬೇಕಾದರೆ ನಿಮ್ಮ ಸಹಿಯ ಚೀಟಿ ಬೇಕು. ಇಲ್ಲದೆ ಹೋದವನನ್ನು ತಂಡದಿಂದ ತೆಗೆಯಬಹುದೆಂದು ನಿಯಮವಿದೆ. ಆ ನಿಯಮ ಬರೆದವರಿಗೆ ಆಟಗಾರರ ಆರೋಗ್ಯದ ಮೇಲೆ ಎಷ್ಟು ಕಾಳಜಿ ಇದ್ದಿರಬೇಕು!

ಇದನ್ನು ಓದಿದ ಮೇಲೆ ನಿಮಗೆ ಒಂದು ಸುಲಭದ ದಾರಿ ಹೊಳೆಯಬಹುದು. ಏಣಿಗೆ ಕಾಯಿಲೆಯಂತೆ, ಹಾಗಾದರೆ ಗೋಡೆಯನ್ನು ಇಟ್ಟುಕೊಳ್ಳೋಣ, ವ್ಯವಹಾರ ಮುಗಿಯಿತು. ದಯವಿಟ್ಟು ಹಾಗೆ ಮಾಡಬೇಡಿ. ಹಾಗೆ ಮಾಡಿದರೆ ಏಣಿಯನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬಿದವನು ನಾನಾಗುತ್ತೇನೆ. ಗೋಡೆ ಆ ಜಾಗದಲ್ಲಿ ಒಂದು ದಿನವೂ ತಲೆಯೆತ್ತಿ ನಿಲ್ಲಲಾರ. ಏಣಿ ಮನೆಗೆ ಹೋಗಿ, ಯಾರದೋ ಗೋದಾಮಿನಲ್ಲಿ ಮೇಲಿನ ಸಾಲಿಗೆ ಮೂಟೆ ಏರಿಸಲು ಸೇರಿಕೊಳ್ಳುತ್ತಾನೆ. ಅಷ್ಟು ಎತ್ತರದವನಿಗೆ ಅಂಥ ಕೆಲಸ ಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಅವನನ್ನೇ ಉಳಿಸಿಕೊಂಡರೋ, ನೀವು ಆಡಿಸದೆ ಬಿಡುವವರಲ್ಲ. ಯಾರನ್ನು ಉಳಿಸಿಕೊಳ್ಳಬೇಕೆಂದು ಹತ್ತು ಜನ ಸೇರಿ ಚರ್ಚಿಸುತ್ತೀರಿ. ಉಳಿಯುವುದು ಎಂದರೇನೆಂದು ಒಬ್ಬರೂ ಕೇಳಿದಂತಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಶನಿವಾರದ ಆಟವನ್ನು ನಿಲ್ಲಿಸಿ. ಶುಕ್ರವಾರ ಕಚೇರಿ ಮುಚ್ಚುವ ಮೊದಲು ಚೀಟಿಗೆ ಸಹಿ ಹಾಕಿ, ನಾನೇ ಅವನನ್ನು ಕರೆದುಕೊಂಡು ಹೋಗುತ್ತೇನೆ. ಗುಣವಾಗುವವರೆಗೆ ಅವನ ಹೆಸರು ಪಟ್ಟಿಯಲ್ಲಿರಲಿ, ಕೋರ್ಟಿನಲ್ಲಿ ಗೋಡೆ ಆಡಲಿ. ಸ್ಕ್ಯಾನಿನಲ್ಲಿ ಏನೂ ಸಿಗದಿದ್ದರೆ, ಇಡೀ ತಂಡದ ಮುಂದೆ ನನ್ನನ್ನು ನಿಲ್ಲಿಸಿ ನಗಿ. ಈ ಸಲ ನಾನು ಮನಸಾರೆ ನಗುತ್ತೇನೆ.

ಮತ್ತೊಂದು ವಿಷಯ. ಸೋಮವಾರ ನಿಮ್ಮ ಕಚೇರಿಯಿಂದ ಆದೇಶ ಬಂದಿದೆ, ಏಣಿಗೆ ಹೊಸ ಜೋಡು ಹೊಲಿಯಬೇಕು, "ಮುಂದಿನ ಬೆಳವಣಿಗೆಗೆ ಅವಕಾಶವಿಟ್ಟು" ಎರಡು ಅಳತೆ ದೊಡ್ಡದಾಗಿ. ಆ ಜೋಡು ನಾನು ಹೊಲಿಯುವುದಿಲ್ಲ. ನನ್ನ ಅಂಗಡಿಯ ಮೇಲಿನ ಹಲಗೆಯಲ್ಲಿ ಒಂದು ಜೋಡಿ ಮೂವತ್ತು ವರ್ಷಗಳಿಂದ ಇದೆ. ಅಪ್ಪ ಅಣ್ಣನಿಗಾಗಿ ಹೊಲಿದದ್ದು, ಅಣ್ಣ ಅದನ್ನು ಹಾಕಿಕೊಳ್ಳಲು ಬರಲಿಲ್ಲ. ಅಷ್ಟು ದೊಡ್ಡ ಕಾಲು ನನ್ನ ಅಂಗಡಿಗೆ ಆಮೇಲೆ ಎಂದೂ ಬಂದಿರಲಿಲ್ಲ. ಹೋದ ವರ್ಷ ಏಣಿ ಅದನ್ನು ಇಳಿಸಿ ತಮಾಷೆಗೆ ಹಾಕಿಕೊಂಡಾಗ ಹಿಮ್ಮಡಿಯ ಹಿಂದೆ ಒಂದು ಬೆರಳು ಜಾಗವಿತ್ತು. ಮೊನ್ನೆ ಮತ್ತೆ ಹಾಕಿಕೊಂಡ. ಲೇಸು ಕಟ್ಟಿ, ಎದ್ದು ನಿಂತು, ನಾಲ್ಕು ಹೆಜ್ಜೆ ನಡೆದು, ಇದು ಯಾರದು ಮಾಮಾ, ನನಗೇ ಅಳತೆ ತೆಗೆದ ಹಾಗಿದೆಯಲ್ಲ ಎಂದು ಕೇಳಿದ.

ಇಂತಿ,
ತಮ್ಮ ಅಪ್ಪಣೆಯಂತೆ ಕಾಲು ಮಾತ್ರ ನೋಡಿಕೊಂಡಿದ್ದ,
ಪೂರ್ವದ ಮೆಟ್ಟಿಲ ಕೆಳಗಿನ ಜೋಡು ಹೊಲಿಯುವವನು