ಹಲಗೆಯ ತಳದ ಮುಖ

ಬಾಳೂರು
೧೪ ಮಾರ್ಚ್ ೨೦೦೬

ಪ್ರೀತಿಯ ಕೃತಿಕಾ,

ಚೆನ್ನಾಗಿದ್ದೀಯಾ? ನಿನ್ನ ಪತ್ರಗಳಿಗೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಇಲ್ಲಿ ಕೊಯ್ಲು ಮುಗಿಯಿತು. ಹೂಮಳೆ ಚೆನ್ನಾಗಿ ಬಿದ್ದು ಕಾಫಿ ಹೂವಿನಿಂದ ತೋಟವೆಲ್ಲ ಬೆಳ್ಳಗಾಗಿದೆ. ಫೋನು ನಿನ್ನ ಅಪ್ಪಯ್ಯನ ಕೋಣೆಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅಣ್ಣ ದರ್ಶನ್ ಬೆಂಗಳೂರಿನಿಂದ ನಾಲ್ಕು ಸ್ಕೇಟ್‌ಬೋರ್ಡ್ ತಂದಿದ್ದ. ಚಕ್ರ ಹಾಕಿದ ಹಲಗೆ, ಮೇಲೆ ನಿಂತು ಜಾರುವುದು. ಅದು ಓಡುವಷ್ಟು ನುಣುಪಾದ ಜಾಗ ನಮ್ಮಲ್ಲಿ ಕಾಫಿ ಒಣಗಿಸುವ ಕಣ ಒಂದೇ. ಬೆಂಗಳೂರಿನಲ್ಲಿ ಬೀದಿ ಗೋಡೆಗಳಿಗೆ ಚಿತ್ರ ಬರೆಯುವ ಹುಡುಗರು ಈಗ ಈ ಹಲಗೆಗಳ ತಳಕ್ಕೂ ಬರೆದು ಪ್ರದರ್ಶನಕ್ಕೆ ಇಡುತ್ತಾರಂತೆ. ಮೇಸ್ತ್ರಿ ಲಕ್ಕಯ್ಯನ ಮಗ ಜಯಪ್ರಕಾಶ ಕಳಸದ ಗೋಡೆಗಳಿಗೆ, ಜೀಪುಗಳ ಹಿಂಬದಿಗೆ ಬರೆಯುವವನಲ್ಲವೇ, ದರ್ಶನ್ ಅವನಿಂದ ಬರೆಸಿದ. ಒಂದರಲ್ಲಿ ಹುಲಿ, ಒಂದರಲ್ಲಿ ಮಂಗಟ್ಟೆ ಹಕ್ಕಿ, ಇನ್ನೊಂದರಲ್ಲಿ ಕೆಸರಿನಲ್ಲಿ ಹೂತ ಜೀಪು. ಕೊನೆಯದರಲ್ಲಿ ಎರಡು ಜಡೆಯ ಒಬ್ಬ ಹುಡುಗಿ.

ಅಪ್ಪಯ್ಯ ನೋಡಿದವರೇ ಅದು ನೀನು ಎಂದರು.

ಕೂಗಾಡಲಿಲ್ಲ. ಆಳುಗಳನ್ನೆಲ್ಲ ಕಣಕ್ಕೆ ಕರೆಸಿ, ಜಯಪ್ರಕಾಶನನ್ನು ಎಲ್ಲರ ಮುಂದೆ ಕೂರಿಸಿದರು.

“ಗೌಡ್ರೇ, ದೇವರಾಣೆ, ಅದು ಕೃತಿಕಕ್ಕ ಅಲ್ಲ” ಎಂದ.

“ಮತ್ಯಾರೋ? ನಿನ್ ಹೆಂಡ್ತಿಯಾ?”

ಅವನು ಒಮ್ಮೆ ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಆಗ ನಾನೊಂದು ಮಾತು ಹೇಳಿದೆ. ನಿನ್ನ ಅಣ್ಣನಿಂದ ಹಿಡಿದು ಎಲ್ಲರೂ ನಕ್ಕರು.

“ಕಟ್ಟೆ ಅಂಚಿನ ಮೇಲೆ ಜಾರ್ಸು ಮಾರಾಯ. ಹಲಗೆ ಹೊಟ್ಟೆ ತಾಗ್ಬೇಕು” ಎಂದರು ಅಪ್ಪಯ್ಯ, ದರ್ಶನ್‌ಗೆ.

ದರ್ಶನ್ ಜಾರಿಸಿದ. ಸಿಮೆಂಟಿಗೆ ಉಜ್ಜಿ ಮೊದಲು ಬಾಯಿ ಹೋಯಿತು, ಆಮೇಲೆ ಮೂಗು. ಒಂದು ಕಣ್ಣು ಉಳಿದಾಗ ಅಪ್ಪಯ್ಯ ಹಲಗೆಯನ್ನು ಜಯಪ್ರಕಾಶನ ಕೈಗೆ ಕೊಟ್ಟರು. “ಉಳ್ದಿದ್ದನ್ನ ನೀನೇ ಉಜ್ಜೋ, ಕಲಾವಿದ.”

ಅವನು ಉಜ್ಜಿದ. ಲಕ್ಕಯ್ಯ ಕೈಮುಗಿದುಕೊಂಡೇ ನಿಂತಿದ್ದ. ಮರುದಿನ ಆಳುಗಳ ಲೈನ್‌ಮನೆಯಿಂದ ಅವರ ಸಾಮಾನು ಹೊರಗೆ ಬಿತ್ತು. ಎಲ್ಲಿಗೆ ಹೋದರೋ ತಿಳಿಯದು.

ಭಾನುವಾರ ದರ್ಶನ್ ನಿನ್ನನ್ನು ಕರೆತರಲು ಮೈಸೂರಿಗೆ ಬರುತ್ತಾನೆ. ಅಮ್ಮನಿಗೆ ಹುಷಾರಿಲ್ಲ ಎನ್ನುತ್ತಾನೆ. ನಾನು ಗಟ್ಟಿಯಾಗಿದ್ದೇನೆ. ಬರಬೇಡ. ಬಂದರೆ ಓದು ಅಲ್ಲಿಗೇ ನಿಂತಿತು. ಅಪ್ಪಯ್ಯ ಗಂಡು ನೋಡಿಟ್ಟಿದ್ದಾರೆ. ವಾರ್ಡನ್‌ಗೆ ಈ ಪತ್ರ ತೋರಿಸು. ಪರೀಕ್ಷೆ ಬರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಮಗಳೇ.

ನಿನ್ನ ಅಮ್ಮ,
ವಿಶಾಲಾಕ್ಷಮ್ಮ

ಇನ್ನೊಂದು ಮಾತು: ಆ ಹುಡುಗಿ ನಾನು. ನಿನ್ನ ವಯಸ್ಸಿನಲ್ಲಿ ಮೂಡಿಗೆರೆಯ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋವನ್ನು ನಾನೇ ಜಯಪ್ರಕಾಶನಿಗೆ ಕೊಟ್ಟು ಬರೆಯಲು ಹೇಳಿದ್ದೆ. ಕಣದಲ್ಲಿ ಹೇಳಿದ್ದೂ ಅದನ್ನೇ: “ರೀ, ಅದು ನಾನು.” ಅಪ್ಪಯ್ಯ ಹಲಗೆಯನ್ನು ನನ್ನ ಮುಖದ ಪಕ್ಕಕ್ಕೆ ಹಿಡಿದು ಎಲ್ಲರಿಗೂ ತೋರಿಸಿದರು. “ಇವ್ಳಂತೆ! ನೋಡ್ರೋ!” ಎಂದರು. ಹೆಣ್ಣು ನೋಡಲು ಬರುವ ಮೊದಲು ನಮ್ಮಪ್ಪ ನಿನ್ನ ಅಪ್ಪಯ್ಯನಿಗೆ ಕಳಿಸಿದ್ದು ಆ ಫೋಟೋವನ್ನೇ. ಅದನ್ನು ನೋಡಿಯೇ ಅವರು ನನ್ನನ್ನು ಒಪ್ಪಿದ್ದು.